ವಾಸಂತಿ ಅಕ್ಕನ ಗೌರಿ ಹೂ

ರಾಜಶೇಖರ ಭಾವ ಫೋನ್ ಮಾಡಿದಾಗ ನಾನು ಕ್ಲಿನಿಕ್‌ನಲ್ಲಿ ಆ ದಿನದ ಇಪ್ಪತ್ತೆಂಟನೆಯ ರೋಗಿಯನ್ನು ಕಳಿಸಿ, ತಣ್ಣಗಾದ ಟೀಯನ್ನು ಕುಡಿಯಲೋ ಚೆಲ್ಲಲೋ ಎಂದು ನೋಡುತ್ತಾ ಕುಳಿತಿದ್ದೆ.

"ಅರ್ಪಿತಾ, ಸಂಜೆ ಸ್ವಲ್ಪ ಬಂದು ಹೋಗ್ತೀಯೇನಮ್ಮಾ? ಕೌನ್ಸಿಲ್‌ನಿಂದ ಪತ್ರ ಬಂದಿದೆ. ನಿಮ್ಮಕ್ಕ ಬೆಳಗ್ಗೆಯಿಂದ ಏನೂ ತಿಂದಿಲ್ಲ," ಎಂದರು.

"ಏನಂತೆ ಭಾವ? ಬೇಲಿ ಗಿಡದ್ದಾ?"

"ಬೇಲಿದಲ್ಲ. ಗೌರಿ ಹೂವಿಂದು."

ಇಂಗ್ಲೆಂಡಿನ ಈ ಸ್ಟಾಕ್‌ಪೋರ್ಟ್‌ನಲ್ಲಿ ಕೌನ್ಸಿಲ್, ಅಂದರೆ ನಗರಸಭೆಯ, ಪತ್ರಕ್ಕೆ ಯಾರೂ ಊಟ ಬಿಡುವುದಿಲ್ಲ. ಬೇಸರಪಡುತ್ತಾರೆ, ಅಷ್ಟೇ. ಇಲ್ಲಿ ಸಾಲ ಮಾಡಿ ಮನೆ ಕೊಂಡವರಿಗೆ ಮೊದಲ ವರ್ಷದಲ್ಲೇ ತಿಳಿದುಹೋಗುತ್ತದೆ, ಗೋಡೆ ನಮ್ಮದಾದರೂ ಅದರ ಸುತ್ತಲಿನ ಹಸಿರಿನ ಮೇಲೆ ಊರಿನವರಿಗೆಲ್ಲ ಒಂದು ಕಣ್ಣಿರುತ್ತದೆ ಎಂದು. ಬೇಲಿ ಗಿಡ ಎರಡು ಮೀಟರ್ ದಾಟಿ ಪಕ್ಕದವರ ಬಿಸಿಲು ಮರೆಮಾಡಿದರೆ ದೂರು. ಸರಿ, ಕತ್ತರಿಸೋಣ ಎಂದರೆ ಅದರೊಳಗೆ ಹಕ್ಕಿ ಗೂಡು ಕಟ್ಟಿದ್ದರೆ ಕತ್ತರಿ ಮುಟ್ಟುವ ಹಾಗಿಲ್ಲ. ಮುಂದಿನ ಅಂಗಳಕ್ಕೆ ಕಲ್ಲು ಹಾಸಬಹುದು, ಆದರೆ ಮಳೆ ನೀರು ಅಲ್ಲೇ ಇಂಗಬೇಕು. ಹಿತ್ತಲಲ್ಲಿ ಹಳೆಯ ಮರವಿದ್ದು ಅದಕ್ಕೆ ರಕ್ಷಣೆಯ ಆದೇಶವಿದ್ದರೆ ಒಂದು ಕೊಂಬೆ ತೆಗೆಯುವುದಕ್ಕೂ ಅರ್ಜಿ ಹಾಕಿ ವಾರಗಟ್ಟಲೆ ಕಾಯಬೇಕು. ಇದನ್ನೆಲ್ಲ ಓದುವ ತಾಳ್ಮೆ ನನಗಿರಲಿಲ್ಲ. ವಾರಕ್ಕೆ ಐದು ದಿನ ಊರವರ ಬೆನ್ನುನೋವು ಕೇಳಿ ಮನೆಗೆ ಬಂದವಳು ಹುಲ್ಲಿನ ಎತ್ತರ ಅಳೆಯುತ್ತಾ ಕೂರಲಾರೆ ಎಂದು ಆರು ವರ್ಷದ ಹಿಂದೆಯೇ ಹಿತ್ತಲಿಗೆ ಪ್ಲಾಸ್ಟಿಕ್ ಹುಲ್ಲು ಹಾಸಿ ಕೈ ತೊಳೆದುಕೊಂಡಿದ್ದೆ.

ಒಡಹುಟ್ಟದಿದ್ದರೂ ನಾನು ಅಕ್ಕ ಎನ್ನುವ ವಾಸಂತಿ ಹಾಗಲ್ಲ. ಅವರಿಗೆ ಇವೆಲ್ಲ ಬಾಯಿಪಾಠ. ಪ್ರತಿ ನಿಯಮವನ್ನೂ ಕೌನ್ಸಿಲ್‌ನ ವೆಬ್‌ಸೈಟಿನಿಂದ ಪ್ರಿಂಟ್ ತೆಗೆದು ನೀಲಿ ಫೈಲಿನಲ್ಲಿ ಇಟ್ಟಿದ್ದಾರೆ. ಮ್ಯಾಂಚೆಸ್ಟರ್ ಸುತ್ತಮುತ್ತ ಹೊಸದಾಗಿ ಮನೆ ಕೊಂಡ ಕನ್ನಡದವರು ಯಾವ ಕಸದ ಬಿನ್ ಯಾವ ವಾರ ಹೊರಗಿಡಬೇಕು, ಬೇಲಿ ಯಾರ ಕಡೆಯದು, ಪಕ್ಕದ ಮನೆಯ ಸೇಬಿನ ಕೊಂಬೆ ನಮ್ಮ ಕಡೆ ಬಾಗಿದರೆ ಹಣ್ಣು ಯಾರದು ಎಂದೆಲ್ಲ ಕೇಳುವುದು ಅವರನ್ನೇ. ಹಿಂದಿನಿಂದ 'ಕೌನ್ಸಿಲ್ ವಾಸಂತಿ' ಎಂದು ಆಡಿಕೊಳ್ಳುವುದೂ ಇತ್ತು. ಆಡಿಕೊಂಡವರಲ್ಲಿ ನಾನೂ ಇದ್ದೆ.

ಅವರು ಹೊಳೆನರಸೀಪುರದವರು. ಎರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ, ತೊಂಬತ್ತಾರರಲ್ಲಿ ಡಾಕ್ಟರ್ ರಾಜಶೇಖರ ಅವರನ್ನು ಮದುವೆಯಾಗಿ ಈ ದೇಶಕ್ಕೆ ಬಂದರು. ಆ ಕಾಲದಲ್ಲಿ ನಮ್ಮ ಕಡೆಯ ಡಾಕ್ಟರುಗಳಿಗೆ ಆರು ತಿಂಗಳಿಗೊಂದು ಆಸ್ಪತ್ರೆ. ಎಂಟು ವರ್ಷದಲ್ಲಿ ಒಂಬತ್ತು ಊರು, ಒಂಬತ್ತು ಬಾಡಿಗೆ ಮನೆ. ಒಂಬತ್ತರಲ್ಲೂ ಕರಾರು ಪತ್ರದ ಕೊನೆಯಲ್ಲಿ ಒಂದೇ ಮಾತು: ಬಾಡಿಗೆದಾರರು ನೆಲದಲ್ಲಿ ಏನನ್ನೂ ನೆಡತಕ್ಕದ್ದಲ್ಲ. ಮೊಸರಿನ ಡಬ್ಬಿಯಲ್ಲಿ ತುಳಸಿ ಹಾಕುತ್ತಿದ್ದರು, ಡಿಸೆಂಬರ್‌ನಲ್ಲಿ ಅದು ಸಾಯುತ್ತಿತ್ತು, ಮತ್ತೆ ಹಾಕುತ್ತಿದ್ದರು. ಎರಡು ಸಾವಿರದ ನಾಲ್ಕರಲ್ಲಿ ಕೊನೆಗೂ ಈ ಮನೆ ಕೊಂಡರು. ಹಿತ್ತಲು ಇಳಿಜಾರಾಗಿ ಹೋಗಿ ಒಂದು ಸಣ್ಣ ತೊರೆಗೆ ಮುಟ್ಟುತ್ತದೆ. ಬೀಗದ ಕೈ ಸಿಕ್ಕ ದಿನ ಅವರು ಅಡುಗೆಮನೆ ನೋಡುವುದಕ್ಕೆ ಮೊದಲು ಹಿತ್ತಲಿಗೆ ಹೋಗಿ, ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ನಿಂತಿದ್ದರಂತೆ.

ಗೌರಿ ಹೂ ಸಿಕ್ಕಿದ್ದು ಅದಾದ ಒಂಬತ್ತು ವರ್ಷಕ್ಕೆ. ಹಬ್ಬದ ಹಿಂದಿನ ದಿನ, ಮರ್ಸಿ ನದಿಯ ಪಕ್ಕದ ಕಾಲುದಾರಿಯಲ್ಲಿ ನಡೆಯುತ್ತಿದ್ದಾಗ. ದಂಡೆಯ ಉದ್ದಕ್ಕೂ ಗುಲಾಬಿ ಬಣ್ಣದ ಹೂ ತೂಗಾಡುತ್ತಿತ್ತು. ಕರ್ಣಕುಂಡಲ ಅನ್ನುತ್ತೇವಲ್ಲ, ಅದೇ ಮಾಟ, ಹಿಂದೆ ಅದೇ ಕೊಕ್ಕೆ. ಅವರ ಊರಲ್ಲಿ ಅದಕ್ಕೆ ಗೌರಿ ಹೂ ಎಂದೇ ಹೆಸರು, ಗೌರಿಗೆ ಅದನ್ನು ಏರಿಸದೆ ಹಬ್ಬವೇ ಇಲ್ಲ. ಒಂದು ಕಾಯಿಯನ್ನು ಬೆರಳಲ್ಲಿ ಒತ್ತಿ ನೋಡಿದರು. ಅದು ಟಪ್ಪೆಂದು ಸಿಡಿದು ಬೀಜ ಮುಖಕ್ಕೆ ಹಾರಿತು. ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಸಿಡಿಸುತ್ತಿದ್ದ ಕಾಯಿಯೂ ಹೀಗೇ ಸಿಡಿಯುತ್ತಿತ್ತು. ಅನುಮಾನವೇ ಉಳಿಯಲಿಲ್ಲ.

ಊರಿನ ಗಿಡ ಮೊಣಕಾಲೆತ್ತರ, ಇದು ಆಳೆತ್ತರ. ಅದನ್ನು ಒಮ್ಮೆ ನಾನು ಕೇಳಿದ್ದೆ.

"ಇಲ್ಲಿ ಮನುಷ್ಯರೇ ಆರಡಿ ಬೆಳೀತಾರೆ, ಗಿಡ ಬೆಳೆಯೋದೇನು ಹೆಚ್ಚು?" ಎಂದಿದ್ದರು.

ಅಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜವನ್ನು ತೊರೆಯ ಅಂಚಿಗೆ ಚೆಲ್ಲಿದರು. ಮುಂದಿನ ವರ್ಷ ಅಲ್ಲಿ ಹೂವೋ ಹೂವು. ಆ ಹಬ್ಬದಿಂದ ಅವರ ಮನೆಯ ಗೌರಿ ಪೂಜೆ ನಮಗೆಲ್ಲ ದೊಡ್ಡ ಸಂಭ್ರಮವಾಯಿತು. ಲೀಡ್ಸ್‌ನಿಂದ, ಬರ್ಮಿಂಗ್‌ಹ್ಯಾಮ್ ಕಡೆಯಿಂದ, ಎಲ್ಲೆಲ್ಲಿಂದಲೋ ಹೆಂಗಸರು ಸೀರೆಯ ಮೇಲೆ ಕೋಟು ಹಾಕಿಕೊಂಡು ಬರುತ್ತಿದ್ದರು. ಬಂದ ಮುತ್ತೈದೆಯರಿಗೆಲ್ಲ ಅಕ್ಕ ಮೊರದ ಬಾಗಿನ ಕೊಡುತ್ತಿದ್ದರು. ಅರಿಶಿನ ಕುಂಕುಮ, ಬಳೆ, ಅಕ್ಕಿ, ಬೇಳೆ, ಬೆಲ್ಲದ ಜೊತೆಗೆ ಒಂದು ಸಣ್ಣ ಕಾಗದದ ಪೊಟ್ಟಣ. ಅದರ ಮೇಲೆ ದುಂಡಗಿನ ಮೇಷ್ಟರ ಅಕ್ಷರದಲ್ಲಿ ಬರೆದಿರುತ್ತಿತ್ತು: 'ಗೌರಿ ಹೂ. ಚಳಿ ಬೀಳುವ ಮುಂಚೆ ಬಿತ್ತಿ. ನೆರಳು ನೀರು ಇರಲಿ.' ಹನ್ನೊಂದು ವರ್ಷ ಹೀಗೆ ನಡೆಯಿತು. ಕೊನೆಗೆ ಜನ ಅವರನ್ನು ಡಾಕ್ಟರ್ ರಾಜಶೇಖರರ ಹೆಂಡತಿ ಎನ್ನುವುದನ್ನು ಬಿಟ್ಟು 'ಗೌರಿ ಹೂ ವಾಸಂತಿ' ಎನ್ನತೊಡಗಿದರು. ಆ ಹೆಸರು ಅವರಿಗೆ ಎಷ್ಟು ಇಷ್ಟ ಎಂದು ನಮಗೆಲ್ಲ ಗೊತ್ತಿತ್ತು.

ಸಂಜೆ ನಾನು ಹೋದಾಗ ಅವರು ಊಟದ ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಪತ್ರ ಮುಂದಿತ್ತು. ನಾನು ಓದಿದೆ. ಹಿತ್ತಲಿನ ತೊರೆಯ ಅಂಚಿನಲ್ಲಿ ಹಿಮಾಲಯನ್ ಬಾಲ್ಸಮ್ ಎಂಬ ಆಕ್ರಮಣಕಾರಿ ಗಿಡ ಬೆಳೆದಿದೆ. ತೊರೆಯ ಕೆಳಗಡೆ ವಾಲಂಟಿಯರ್‌ಗಳು ಪ್ರತಿ ವರ್ಷ ಅದನ್ನು ಕೀಳುತ್ತಿದ್ದರೂ ಮೇಲಿನಿಂದ ಬೀಜ ತೇಲಿ ಬರುತ್ತಲೇ ಇದೆ. ಈ ಗಿಡವನ್ನು ಬೆಳೆಸುವುದು, ಹರಡುವುದು ಕಾನೂನಿಗೆ ವಿರುದ್ಧ. ಇಪ್ಪತ್ತೊಂದು ದಿನದೊಳಗೆ, ಬೀಜ ಬಲಿಯುವ ಮುಂಚೆ ಕಿತ್ತುಹಾಕದಿದ್ದರೆ ನೋಟಿಸ್ ಕೊಡಬೇಕಾಗುತ್ತದೆ. ಶುಕ್ರವಾರ ಒಬ್ಬ ಅಧಿಕಾರಿ ಬಂದು ನೋಡುತ್ತಾರೆ.

"ಹಿಮಾಲಯ ಅಂತ ಬರೆದಿದ್ದಾರೆ ನೋಡು," ಎಂದರು ಅಕ್ಕ. "ಹಿಮಾಲಯ ಅಂದ್ರೆ ಗೌರಿ ತವರುಮನೆ ತಾನೆ? ಅದು ಹೇಗೆ ಆಕ್ರಮಣ ಆಗುತ್ತೆ?"

ಅದು ನಮ್ಮ ಗೌರಿ ಹೂ ಅಲ್ಲ, ಅದರ ಜಾತಿಯ ಇನ್ನೊಂದು ಗಿಡ ಎಂದು ಫೋನಿನಲ್ಲಿ ಚಿತ್ರ ತೋರಿಸಿ ಹೇಳಿದೆ. ಅವರು ಎರಡೂ ಚಿತ್ರ ಹಿಗ್ಗಿಸಿ ಬಹಳ ಹೊತ್ತು ನೋಡಿದರು. ಎಲೆ ಬೇರೆ ಇತ್ತು, ಕಾಂಡ ಬೇರೆ ಇತ್ತು. ಹನ್ನೆರಡು ವರ್ಷ ಕೈಯಾರೆ ಮುಟ್ಟಿದವರಿಗೆ ಈಗ ಅದು ಕಾಣಿಸಿತು.

"ಇಷ್ಟು ವರ್ಷ ಗೌರಿಗೆ ಬೇರೆ ಯಾವುದೋ ಹೂ ಏರಿಸಿದ್ದೀನಿ," ಎಂದರು. ಫೋನನ್ನು ನನ್ನ ಕಡೆ ತಳ್ಳಿದರು.

ಶುಕ್ರವಾರ ನನಗೆ ಅರ್ಧ ದಿನ, ನಾನೂ ಹೋಗಿದ್ದೆ. ಅಧಿಕಾರಿ ಇನ್ನೂ ಮೂವತ್ತು ದಾಟದ ಹುಡುಗ, ಕೆಸರಿನ ಬೂಟು ಬಾಗಿಲಲ್ಲೇ ಬಿಟ್ಟು ಬಂದ. ಹಿತ್ತಲೆಲ್ಲ ನೋಡಿ, ಈ ಗಿಡದ ಬೇರು ಆಳಕ್ಕೆ ಹೋಗುವುದಿಲ್ಲ, ಸುಲಭವಾಗಿ ಕೀಳಬಹುದು, ಆದರೆ ಇದು ಬೇರೆ ಯಾವುದನ್ನೂ ಬೆಳೆಯಗೊಡುವುದಿಲ್ಲ, ಚಳಿಗಾಲದಲ್ಲಿ ಸತ್ತಾಗ ದಂಡೆ ಬೋಳಾಗಿ ಮಣ್ಣು ಕುಸಿಯುತ್ತದೆ ಎಂದು ಮೆತ್ತಗೆ ವಿವರಿಸಿದ. ಕಿತ್ತದ್ದನ್ನು ಗಾರ್ಡನ್ ಬಿನ್ನಿಗೆ ಹಾಕಬೇಡಿ, ಇಲ್ಲೇ ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಲು ಬಿಡಿ ಎಂದ. ಆಮೇಲೆ ಕೈಯಲ್ಲಿದ್ದ ಟ್ಯಾಬ್ಲೆಟ್‌ನಲ್ಲಿ ಟೈಪ್ ಮಾಡುತ್ತಾ, ಇದು ಇಲ್ಲಿಗೆ ಹೇಗೆ ಬಂತು ಗೊತ್ತೇ ಎಂದು ಕೇಳಿದ.

"ನಾನೇ ಹಾಕಿದ್ದು," ಎಂದರು ಅಕ್ಕ ಇಂಗ್ಲಿಷಿನಲ್ಲಿ.

ಹುಡುಗನ ಬೆರಳು ನಿಂತಿತು. ತೊರೆಯಲ್ಲಿ ತೇಲಿ ಬಂದಿರಬಹುದು ಎಂದು ಬರೆದುಕೊಳ್ಳಲೇ ಎಂದು ಕೇಳಿದ. ನಾನು ಮನಸ್ಸಿನಲ್ಲೇ ಅವನಿಗೆ ಕೈ ಮುಗಿದೆ.

"ಬೇಡ. ನಾನೇ ಹಾಕಿದ್ದು. ಇನ್ನೂ ಮೂವತ್ತೆರಡು ಮನೆಗೆ ಬೀಜ ಕೊಟ್ಟಿದ್ದೀನಿ."

ರಾಜಶೇಖರ ಭಾವ ಕಣ್ಣು ಮುಚ್ಚಿಕೊಂಡರು. ಅವರದು ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿದ ಮುಖ, ಕಣ್ಣು ಮುಚ್ಚಿದರೆ ಅಲ್ಲೇ ನಿದ್ದೆ ಹೋದಂತೆ ಕಾಣುತ್ತಾರೆ. ಹುಡುಗ ಟ್ಯಾಬ್ಲೆಟನ್ನು ಚೀಲಕ್ಕೆ ಹಾಕಿದ. ಎರಡನೆಯ ಮಾತು ತನಗೆ ಕೇಳಿಸಲಿಲ್ಲ ಎಂದ. ಆದರೆ ಅವರಿಗೆಲ್ಲ ತಾವೇ ಫೋನ್ ಮಾಡಿ ಹೇಳಿಬಿಡಿ, ಕಾಯಿ ಸಿಡಿಯುವ ಮುಂಚೆ, ಇನ್ನು ಎರಡು ವಾರ ಅಷ್ಟೇ ಇದೆ ಎಂದು ಹೇಳಿ ಹೋದ.

ತಮ್ಮ ಹಿತ್ತಲಿನದನ್ನು ಅಕ್ಕ ಶನಿವಾರ ಒಬ್ಬರೇ ಕಿತ್ತರು. ನಾವು ಬರುತ್ತೇವೆ ಎಂದರೂ ಬೇಡವೆಂದರು. ನಿಯಮ ಎಂದ ಮೇಲೆ ಅವರಿಗೆ ಅದರಲ್ಲಿ ವಾದವಿರಲಿಲ್ಲ. ಕಷ್ಟವಾದದ್ದು ಮೂವತ್ತೆರಡು ಮನೆಯದು. ಮಗಳು ಅಮೂಲ್ಯಾ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಗಂಡ ಆಸ್ಪತ್ರೆಯಿಂದ ಬಂದು ಸೋಫಾದ ಮೇಲೆ ಒರಗಿದ ಮೇಲೆ, ಅವರು ಒಬ್ಬರೇ ಕುಳಿತು ಲೆಕ್ಕ ಹಾಕುವುದು ಇದೊಂದನ್ನೇ ಆಗಿತ್ತು. ಇಪ್ಪತ್ತೊಂಬತ್ತು ವರ್ಷ ಈ ದೇಶದಲ್ಲಿದ್ದು ನಾನೇನು ಮಾಡಿದೆ ಎಂದರೆ, ಇಷ್ಟು ಹಿತ್ತಲಲ್ಲಿ ಗೌರಿ ಹೂ ಅರಳುವ ಹಾಗೆ ಮಾಡಿದೆ. ಈಗ ಅದನ್ನೆಲ್ಲ ತಾವೇ ಫೋನ್ ಮಾಡಿ ಕೀಳಿಸಬೇಕು. ಹೆಸರು ಹೋಗುತ್ತದೆ, ಹೋಗಲಿ. ನಂಬಿ ಬೆಳೆಸಿದವರನ್ನೆಲ್ಲ ತಪ್ಪಿಗೆ ಸಿಕ್ಕಿಸಿದೆನಲ್ಲ ಎನ್ನುವುದು ಅವರನ್ನು ತಿನ್ನುತ್ತಿತ್ತು.

ಭಾನುವಾರ ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರಿನ ಪಟ್ಟಿ ತೆಗೆದರು. ಮೊದಲ ಫೋನ್ ಸಟನ್ ಕೋಲ್ಡ್‌ಫೀಲ್ಡ್‌ನ ಅಂಬುಜಾಗೆ. ಚರ್ಮದ ಡಾಕ್ಟರೊಬ್ಬರ ಹೆಂಡತಿ, ಎಕರೆಯ ಕಾಲುಭಾಗ ಹಿತ್ತಲು. 'ಬೇಲಿ ಉದ್ದಕ್ಕೂ ನಿಮ್ಮ ಹೂವೇ ವಾಸಂತಿ' ಎಂದು ಪ್ರತಿ ಹಬ್ಬಕ್ಕೂ ಹೇಳಿದಾಕೆ. ಅಕ್ಕ ಸ್ಪೀಕರ್ ಹಾಕಿ, ವಿಷಯವನ್ನೆಲ್ಲ ಹೇಳಿ, ಕ್ಷಮೆ ಕೇಳಿದರು.

"ಅಯ್ಯೋ ಅದಾ?" ಎಂದಳು ಅಂಬುಜಾ. "ನಾವು ಹಾಕೇ ಇಲ್ಲ ಕಣ್ರೀ. ನಮ್ಮ ಗಾರ್ಡನರ್ ತಾನು ತಂದಿದ್ದು ಬಿಟ್ಟು ಬೇರೆ ಏನೂ ಹಾಕೋಕೆ ಬಿಡಲ್ಲ."

"ಬೇಲಿ ಉದ್ದಕ್ಕೂ ಬಂದಿದೆ ಅಂದಿದ್ರಿ?"

"ಹಬ್ಬದ ದಿನ ನಿಮಗೆ ಯಾಕೆ ಬೇಜಾರು ಮಾಡೋದು ಅಂತ."

ಅಕ್ಕ ಆ ಹೆಸರಿನ ಮುಂದೆ ಒಂದು ಗೆರೆ ಎಳೆದರು. ಎರಡನೆಯದು ಗಂಡನನ್ನು ಊರಲ್ಲೇ ಬಿಟ್ಟು ಬಂದು ಸೆಲ್ಲಿ ಓಕ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮಧುರಾ. ಐದು ಜನ ಇರುವ ಮನೆ ಆಂಟಿ, ಹಿತ್ತಲಲ್ಲಿ ಹಳೇ ಹಾಸಿಗೆ ಬಿದ್ದಿದೆ, ಲ್ಯಾಂಡ್‌ಲಾರ್ಡ್ ಅದನ್ನೇ ತೆಗೆಸಿಲ್ಲ, ಎಲ್ಲಿ ಹಾಕಲಿ ಎಂದಳು. ಮೂರನೆಯವರು ಹಾಕಿದ್ದರಂತೆ, ಬರಲಿಲ್ಲವಂತೆ. ನಾಲ್ಕನೆಯವರಿಗೆ ಅದು ಸಾಸಿವೆ ಅನ್ನಿಸಿತ್ತು. ಐದನೆಯವರು ಯಾವ ಪೊಟ್ಟಣ ಎಂದು ಕೇಳಿದರು.

ಮೊದಲು ಅಕ್ಕನಿಗೆ ಇವರೆಲ್ಲ ಹೆದರಿ ಸುಳ್ಳು ಹೇಳುತ್ತಿದ್ದಾರೆ ಎನ್ನಿಸಿತು. "ನಿಜ ಹೇಳಿಬಿಡಿ, ನಾನು ಕೌನ್ಸಿಲ್‌ನೋರಿಗೆ ಯಾರ ಹೆಸರೂ ಕೊಡಲ್ಲ," ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದರು. ಅಷ್ಟರಲ್ಲಿ ಸುದ್ದಿ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಕಾನೂನು ಎಂದ ಕೂಡಲೇ ಎಲ್ಲರಿಗೂ ತಾವು ನಿರಪರಾಧಿಗಳು ಎಂದು ತೋರಿಸುವ ಆತುರ. ಲೀಡ್ಸ್‌ನಿಂದ ಶರ್ವಾಣಿ ಎಂಬಾಕೆ ಒಂದು ಫೋಟೋ ಕಳಿಸಿದಳು. ಅಡುಗೆಮನೆಯ ಡ್ರಾಯರ್, ಅದರಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂಬತ್ತು ಪೊಟ್ಟಣ. 'ನೋಡಿ ಅಕ್ಕ, ಒಂದೂ ಬಿಚ್ಚಿಲ್ಲ' ಎಂದು ಕೆಳಗೆ ಬರೆದು, ಮುಗಿದ ಕೈಯ ಚಿತ್ರ ಹಾಕಿದ್ದಳು. ಮೇಷ್ಟರ ಅಕ್ಷರ ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಅಕ್ಕ ಅದನ್ನು ನೋಡಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ನನಗೆ ಆ ಶರ್ವಾಣಿಯ ಮೇಲೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಬಂದ ಸಿಟ್ಟು ಅಲ್ಲೇ ಇಳಿಯಿತು, ಏಕೆಂದರೆ ಅವಳು ಇಟ್ಟುಕೊಂಡಾದರೂ ಇದ್ದಳು. ನನಗೆ ಬಂದ ಪೊಟ್ಟಣಗಳು ವರ್ಷವರ್ಷವೂ ಮೊರದಿಂದ ನೇರ ಕಸದ ಬುಟ್ಟಿಗೆ ಹೋಗಿದ್ದವು.

"ಅಕ್ಕ, ನಾನೂ..." ಎಂದೆ.

"ನಿಂದು ಗೊತ್ತು ಕಣೇ," ಎಂದರು ಅವರು ಪಟ್ಟಿಯಿಂದ ತಲೆ ಎತ್ತದೆ. "ಪ್ಲಾಸ್ಟಿಕ್ ಹುಲ್ಲಿನ ಮೇಲೆ ಎಲ್ಲಿ ಬೆಳೆಸ್ತೀಯಾ? ಆದ್ರೂ ನೀನು 'ಚೆನ್ನಾಗಿ ಬಂದಿದೆ ಅಕ್ಕ' ಅಂದಾಗ ಖುಷಿ ಆಗ್ತಿತ್ತು."

ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು. ನಾನು ಎದ್ದು ಹೋಗಿ ಟೀ ಮಾಡಿಕೊಂಡು ಬಂದೆ.

ಐದು ಗಂಟೆಗೆ ಮೂವತ್ತೊಂದು ಮನೆ ಮುಗಿದಿತ್ತು. ಒಂದು ಮನೆಯಲ್ಲೂ ಒಂದು ಗಿಡವಿರಲಿಲ್ಲ. ಮೂರು ದಿನದಿಂದ ಅವರನ್ನು ಹೆದರಿಸಿದ್ದ ತಪ್ಪು ನಡೆದೇ ಇರಲಿಲ್ಲ, ಅದರ ಜೊತೆಗೆ ಹನ್ನೊಂದು ವರ್ಷ ತಾವು ಏನು ಮಾಡಿದೆವೆಂದು ಅವರು ತಿಳಿದುಕೊಂಡಿದ್ದರೋ ಅದೂ ನಡೆದಿರಲಿಲ್ಲ.

"ಒಳ್ಳೇದೇ ಆಯ್ತಲ್ಲ ಬಿಡು," ಎಂದರು. "ಕಾನೂನು ಮುರಿದೋಳು ನಾನೊಬ್ಬಳೇ. ಯಾರಿಗೂ ತೊಂದರೆ ಇಲ್ಲ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಅಷ್ಟು ದಣಿದ ಮುಖವನ್ನು ನಾನು ನನ್ನ ಕ್ಲಿನಿಕ್‌ನಲ್ಲೂ ನೋಡುವುದು ಕಡಿಮೆ.

ಉಳಿದ ಒಂದು ಮನೆ ಲೀಡ್ಸ್‌ನ ನೀಲಮ್ಮನದು. ನಾಲ್ಕು ಸಲ ಮಾಡಿದರೂ ಎತ್ತಿರಲಿಲ್ಲ. ನೀಲಮ್ಮ ಗದಗದ ಕಡೆಯವಳು, ಆಸ್ಪತ್ರೆಯೊಂದರ ರಿಸೆಪ್ಷನ್‌ನಲ್ಲಿ ಕೆಲಸ. ಗಂಡ ಮೂಳೆ ಡಾಕ್ಟರ್ ಆಗಿದ್ದ. ಮೊದಲ ಮೂರು ವರ್ಷ ಅವಳೂ ಗೌರಿ ಪೂಜೆಗೆ ಬಂದು ಬಾಗಿನ ತೆಗೆದುಕೊಂಡು ಹೋಗಿದ್ದಳು. ನಾಲ್ಕನೆಯ ವರ್ಷ ಹಬ್ಬಕ್ಕೆ ಎರಡು ತಿಂಗಳಿರುವಾಗ ಗಂಡ ಹೃದಯಾಘಾತದಿಂದ ತೀರಿಕೊಂಡ. ಆಮೇಲೆ ಅವಳು ಬರಲಿಲ್ಲ. ಬರಬೇಡ ಎಂದು ಯಾರೂ ಹೇಳಿದವರಲ್ಲ. ಆದರೆ ಬಾ ಎಂದು ಹೇಳಿದವರೂ ಇಲ್ಲ. ಬಾಗಿನ ಕೊಡುವುದು ಮುತ್ತೈದೆಯರಿಗೆ, ಅವಳನ್ನು ಕರೆದು ಕೈಗೆ ಮೊರ ಕೊಡದಿದ್ದರೆ ಅವಳಿಗೇ ನೋವು ಎಂದು ನಾವು ನಾವೇ ಮಾತಾಡಿಕೊಂಡು ಸುಮ್ಮನಾದೆವು. ಓದಿದವರು, ಡಾಕ್ಟರುಗಳು, ಲಂಡನ್‌ಗೆ ಹೋಗಿ ನಾಟಕ ನೋಡಿ ಬರುವವರು. ಅಕ್ಕ ಮಾತ್ರ ಅವಳ ಪೊಟ್ಟಣವನ್ನು ನಿಲ್ಲಿಸಲಿಲ್ಲ. ಹೂವಿನ ಬೀಜಕ್ಕೆ ಯಾವ ಶಾಸ್ತ್ರ ಎಂದು ಪ್ರತಿ ವರ್ಷ ಅಂಚೆಯಲ್ಲಿ ಕಳಿಸುತ್ತಿದ್ದರು.

ಸೋಮವಾರ ನೀಲಮ್ಮನ ಮೆಸೇಜ್ ಬಂತು. 'ಡ್ಯೂಟಿ ಮ್ಯಾಲೆ ಇದ್ದೆರಿ ಅಕ್ಕಾರ. ಯಾಕ ಫೋನ್ ಮಾಡಿದ್ರಿ? ಹೂ ಈ ವರ್ಷ ಭಾಳ ಚಂದ ಬಂದಾವು. ಒಮ್ಮೆ ನೋಡಾಕ ಬರ್ರಿ.'

ಅಕ್ಕ ಅದನ್ನು ನನಗೆ ಫೋನಿನಲ್ಲಿ ಎರಡು ಸಲ ಓದಿದರು.

"ಈಗಲೇ ಹೇಳಿಬಿಡಿ ಅಕ್ಕ, ಕಿತ್ತುಹಾಕು ಅಂತ," ಎಂದೆ. ನಾನು ದಣಿದಿದ್ದೆ, ಆ ವಾರ ನನ್ನ ಕೆಲಸದ ಪಾಳಿ ಹಾಗಿತ್ತು.

"ಫೋನ್‌ನಲ್ಲಿ ಹೇಳೋ ಮಾತಲ್ಲ. ಶನಿವಾರ ನೀನು ಬರ್ತೀಯೋ, ನಾನು ಟ್ರೈನ್‌ನಲ್ಲಿ ಹೋಗಲೋ?"

ಶನಿವಾರ ನಾನೇ ಕಾರು ತೆಗೆದೆ. ಬೆಟ್ಟದ ಮೇಲಿನ ಮೋಟಾರುದಾರಿಯಲ್ಲಿ ರಸ್ತೆ ಕೆಲಸ ನಡೆಯುತ್ತಿತ್ತು, ಒಂದು ಗಂಟೆಯ ದಾರಿ ಎರಡು ಗಂಟೆಯಾಯಿತು. ಅಕ್ಕ ದಾರಿಯಲ್ಲಿ ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸಿಕೊಳ್ಳುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು.

ನೀಲಮ್ಮನದು ಕೆಂಪು ಇಟ್ಟಿಗೆಯ ಸಾಲುಮನೆ. ಅಡುಗೆಮನೆಯ ಬಾಗಿಲು ತೆರೆದರೆ ಬಟ್ಟೆ ಒಣಹಾಕುವಷ್ಟು ಅಂಗಳ, ನೆಲಕ್ಕೆಲ್ಲ ಕಲ್ಲು. ಅಲ್ಲಿ ಏಳು ದೊಡ್ಡ ಟಬ್ಬುಗಳಲ್ಲಿ ಗಿಡ ನಿಂತಿದ್ದವು, ಒಂದೊಂದನ್ನೂ ಬಿದಿರ ಕೋಲಿಗೆ ಕಟ್ಟಿದ್ದಳು. ಅಕ್ಕನ ಹಿತ್ತಲಲ್ಲಿ ಅವು ಕಾಡಿನಂತೆ ಬೆಳೆಯುತ್ತಿದ್ದವು, ಇಲ್ಲಿ ಒಂದೊಂದು ಗಿಡವನ್ನೂ ಸಾಕಿದ ಹಾಗಿತ್ತು. ಕಾಯಿಯ ಗೊಂಚಲುಗಳಿಗೆಲ್ಲ ಹಳೆಯ ತೆಳು ಕಾಲುಚೀಲ ಕತ್ತರಿಸಿ, ಚೀಲದಂತೆ ಮುಚ್ಚಿ ದಾರ ಕಟ್ಟಿತ್ತು.

"ಇದ್ಯಾಕೆ ನೀಲಮ್ಮ?" ಎಂದು ಅಕ್ಕ ಮುಟ್ಟಿ ಕೇಳಿದರು.

"ಮೊದಲನೇ ವರ್ಷ ಬೀಜ ಸಿಡದು ಬಾಜೂ ಮನೀಗೆ ಹೋದ್ವು ನೋಡ್ರಿ. ಅವರಿಗೆ ತ್ರಾಸ ಆಗಬಾರದಂತ ಕಟ್ಟತೀನಿ. ಬಲಿತ ಮ್ಯಾಲೆ ಬಿಚ್ಚಿ ಡಬ್ಬಿಗೆ ಹಾಕತೀನಿ."

ಯಾವ ಫೈಲೂ ಇಲ್ಲದೆ, ಯಾರೂ ಹೇಳದೆ, ಆಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ನಿಯಮ ಪಾಲಿಸಿದ್ದಳು. ಒಳಗೆ ಕಿಟಕಿಯ ಹತ್ತಿರ ಗಾಜಿನ ಜಗ್ಗಿನಲ್ಲಿ ಒಂದು ಹಿಡಿ ಹೂ ಇಟ್ಟಿದ್ದಳು. ನಾನು ಅದನ್ನು ನೋಡುವುದು ಕಂಡು, "ಮುಡಿಯೂ ಹಂಗಿಲ್ಲ ಅಂತಾರ. ನೋಡಬ್ಯಾಡ ಅಂತ ಯಾರೂ ಅಂದಿಲ್ಲಲ್ರಿ," ಎಂದು ನಕ್ಕಳು. ಚುರುಮುರಿ ಕಲಸಿ ತಂದುಕೊಟ್ಟಳು, ಟೀ ಕೊಟ್ಟಳು. ಅಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಬರಲಿಲ್ಲ. ಅರ್ಧ ಗಂಟೆ ಹವೆ, ಮಂಡಿನೋವು, ಟ್ರೈನ್ ಮುಷ್ಕರ ಎಲ್ಲ ಆಯಿತು. ಕೊನೆಗೆ ಕೈಚೀಲದಿಂದ ಕೌನ್ಸಿಲ್ ಪತ್ರ ತೆಗೆದು ಅವಳ ಮುಂದಿಟ್ಟರು.

ನೀಲಮ್ಮ ಪೂರ್ತಿ ಓದಿದಳು. ಓದಿ ಮಡಿಸಿ ವಾಪಸ್ಸು ಕೊಟ್ಟಳು.

"ಮನೀ ಒಳಗ ಇಟಗೊಂಡರೂ ತಪ್ಪೇನ್ರಿ?"

"ಹೂಂ. ಬೆಳೆಸೋದೇ ತಪ್ಪಂತೆ."

"ಹಂಗಾರ ಈಗ ಕಿತ್ತ ಬಿಡೂಣು. ನೀವೂ ಬಂದೀರಿ, ಮೂರು ಮಂದಿ ಆದ್ವಿ." ಅವಳು ಬಟ್ಟಲುಗಳನ್ನು ಎತ್ತಿಕೊಂಡು ಎದ್ದಳು.

"ತಪ್ಪಾಯ್ತು ನೀಲಮ್ಮ," ಎಂದರು ಅಕ್ಕ. "ಅದು ಗೌರಿ ಹೂವೂ ಅಲ್ಲ, ಏನೂ ಅಲ್ಲ. ನನಗೆ ಗೊತ್ತಿರಲಿಲ್ಲ. ಮೂವತ್ತೆರಡು ಜನಕ್ಕೆ ಕೊಟ್ಟೆ, ಬೆಳೆಸಿದ್ದು ನೀವೊಬ್ಬರೇ. ನಿಮ್ಮ ಕೈಯಲ್ಲೇ ಕೀಳಿಸ್ತಾ ಇದ್ದೀನಿ."

ನೀಲಮ್ಮ ಸಿಂಕಿನ ಹತ್ತಿರ ನಿಂತು ನಲ್ಲಿ ಬಿಟ್ಟಳು, ಮತ್ತೆ ನಿಲ್ಲಿಸಿದಳು.

"ಹೂವಿನ ಸಲುವಾಗಿ ಬೆಳಸಿದ್ದಲ್ರಿ ಅಕ್ಕಾರ," ಎಂದಳು. "ನಮ್ಮ ಕಡೆ ಈ ಹೂ ಗೌರಿಗೆ ಏರಸೂದೂ ಇಲ್ಲ. ಅವರು ಹೋದ ಮ್ಯಾಲೆ, ಹಬ್ಬದ ದಿನಾ ನನ್ನ ಹೆಸರ ಬರದು ಬರತಿದ್ದದ್ದು ನಿಮ್ಮ ಪೊಟ್ಟಣ ಒಂದ. ಅದನ್ನ ಮಣ್ಣಾಗ ಹಾಕದ ಹ್ಯಾಂಗ ಒಗೀಲಿ?"

ಅಂಗಳಕ್ಕೆ ಹೋಗಿ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಬೇರು ಆಳಕ್ಕೆ ಹೋಗಿರುವುದಿಲ್ಲ ಎಂದು ಆ ಹುಡುಗ ಹೇಳಿದ್ದು ನಿಜ. ಬುಡ ಹಿಡಿದು ಎಳೆದರೆ ಸಾಕು, ಗಿಡಕ್ಕೆ ಗಿಡವೇ ಕೈಗೆ ಬರುತ್ತಿತ್ತು, ಕಾಂಡ ಮುರಿದರೆ ಒಳಗೆಲ್ಲ ನೀರು. ಕಾಲುಚೀಲದ ಗಂಟುಗಳನ್ನು ಬಿಚ್ಚದೆ ಹಾಗೇ ಕಸದ ಚೀಲಕ್ಕೆ ಹಾಕಿ ಕಟ್ಟಿದೆವು. ಹದಿನೈದು ನಿಮಿಷದ ಕೆಲಸ. ಬಿದಿರ ಕೋಲುಗಳು ಮಾತ್ರ ಟಬ್ಬುಗಳಲ್ಲಿ ಹಾಗೆಯೇ ನಿಂತವು. ಡಬ್ಬಿಯಲ್ಲಿ ಇಟ್ಟಿದ್ದ ಹಳೆಯ ಬೀಜವನ್ನೂ ನೀಲಮ್ಮ ತಾನೇ ತಂದು, ಕುದಿಯುವ ನೀರು ಸುರಿದು ಚೆಲ್ಲಿದಳು.

ಹೊರಡುವಾಗ ಬಾಗಿಲ ತನಕ ಬಂದಳು. ಕೈ ಒರೆಸಿಕೊಳ್ಳುತ್ತಾ, "ಹಂಗಾರ ಇನ್ನ ಮುಂದ ಹಬ್ಬಕ್ಕ ಏನೂ ಕಳಸೂದಿಲ್ಲಲ್ರಿ," ಎಂದಳು. ಅದರಲ್ಲಿ ದೂರು ಇರಲಿಲ್ಲ. ಬಸ್ಸಿನ ವೇಳೆ ಬದಲಾಗಿದೆಯೇ ಎಂದು ಕೇಳುವ ದನಿಯಲ್ಲಿ ಕೇಳಿದಳು. ಅಕ್ಕ ಅವಳ ಕೈ ಹಿಡಿದುಕೊಂಡರು.

ಕಾರು ಹತ್ತಿದ ಮೇಲೆ ಅಕ್ಕ ತಮ್ಮ ಕೈ ನೋಡಿಕೊಂಡರು. ಉಗುರಿನೊಳಗೆ ಮಣ್ಣು ಇತ್ತು, ಅದನ್ನು ತೆಗೆಯುತ್ತಾ ಕುಳಿತಿದ್ದರು.

"ಅವಳಿಗೆ ನಾನು ಬಾಗಿನ ಕೊಡಲಿಲ್ಲ ಕಣೇ ಅರ್ಪಿತಾ," ಎಂದರು. "ಎಂಟು ವರ್ಷ. ಬೀಜ ಕಳಿಸಿ ದೊಡ್ಡ ಉಪಕಾರ ಮಾಡ್ದೆ ಅಂದ್ಕೊಂಡಿದ್ದೆ. ಅವಳನ್ನ ಕರೀಬೇಡ ಅಂತ ಯಾವ ಕೌನ್ಸಿಲ್ ಪತ್ರ ಬರೆದಿತ್ತು ನನಗೆ?"

ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಹಿತ್ತಲಿನ ಗಿಡವನ್ನೆಲ್ಲ ಒಬ್ಬರೇ ಕಿತ್ತ ದಿನವೂ ಅವರು ಅತ್ತಿರಲಿಲ್ಲ. ನಾನು ರಸ್ತೆ ನೋಡುತ್ತಾ ಕಾರು ಓಡಿಸಿದೆ, ಸಮಾಧಾನ ಹೇಳಲಿಲ್ಲ. ಹೇಳುವ ಬಾಯಿ ನನಗಿರಲಿಲ್ಲ. ನಮ್ಮ ಮನೆಯಲ್ಲೂ ಪ್ರತಿ ವರ್ಷ ವರಮಹಾಲಕ್ಷ್ಮಿ ಪೂಜೆ ಮಾಡಿ ಅರಿಶಿನ ಕುಂಕುಮಕ್ಕೆ ಜನರನ್ನು ಕರೆಯುತ್ತೇನೆ. ಆ ಪಟ್ಟಿಯಿಂದ ನೀಲಮ್ಮನ ಹೆಸರನ್ನು ತೆಗೆದವಳು ನಾನೇ.